ಸೋಮವಾರದ ನೀಲಿ ಮಾತ್ರೆ ಮತ್ತು ಸೂಕ್ಷ್ಮ ಬೋಧನೆ

ಪಾಠಯೋಜನೆ ಬರೆಯುವಾಗ ‘ನಿರೀಕ್ಷಿತ ವರ್ತನಾ ಬದಲಾವಣೆಗಳು’ ಎಂಬ ಅಂಕಣವನ್ನು ನಾವೆಲ್ಲ ತುಂಬಿಸಿದ್ದೇವೆ. ವಿದ್ಯಾರ್ಥಿಯು ಸ್ಮರಿಸಿಕೊಳ್ಳುವನು, ಗುರುತಿಸುವನು, ಕಾರಣ ಕೊಡುವನು ಎಂಬ ವಾಕ್ಯಗಳು ನಮಗೆ ಬಾಯಿಪಾಠ. ಆದರೆ ಆರೋಗ್ಯ ಇಲಾಖೆಯವರು ‘ವರ್ತನಾ ಬದಲಾವಣೆ ಸಂವಹನ’ ಎನ್ನುವಾಗ ಅದರ ಅರ್ಥವೇ ಬೇರೆ. ಅಲ್ಲಿ ಮಗು ಸರಿ ಉತ್ತರ ಹೇಳಿದರೆ ಸಾಲದು. ಮಾತ್ರೆ ನುಂಗಬೇಕು, ಮುಂದಿನ ವಾರವೂ ನುಂಗಬೇಕು. ಈ ಎರಡರ ನಡುವೆ ಎಷ್ಟು ಅಂತರವಿದೆ ಎಂಬುದು ಕಳೆದ ಇಂಟರ್ನ್‌ಶಿಪ್ ಅವಧಿಯಲ್ಲಿ, ಎಂಟು ಮಂದಿ ಪ್ರಶಿಕ್ಷಣಾರ್ಥಿಗಳ ಮಾರ್ಗದರ್ಶಕಳಾಗಿ ಒಂದು ಗ್ರಾಮೀಣ ಪ್ರೌಢಶಾಲೆಗೆ ಹೋಗಿ ಬರುತ್ತಿದ್ದಾಗ ನನಗೆ ಸ್ಪಷ್ಟವಾಯಿತು.

ಹದಿಹರೆಯದವರಿಗೆ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2012ರಲ್ಲಿ ಆರಂಭವಾಯಿತು; 2018ರಿಂದ ಅದು ‘ಅನೀಮಿಯಾ ಮುಕ್ತ ಭಾರತ’ದ ಭಾಗ. ಆ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆಯಿದೆ. ತರಗತಿಯಲ್ಲಿ ತೂಕಡಿಸುವ, ಆಟದ ಅವಧಿಯಲ್ಲಿ ಮರದ ಕೆಳಗೆ ಕೂರುವ ಹುಡುಗಿಯನ್ನು ಸೋಮಾರಿ ಎನ್ನುವ ಮೊದಲು ಈ ಸಂಖ್ಯೆ ನಮಗೆ ನೆನಪಾಗಬೇಕು.

ನಮ್ಮ ವಿಜ್ಞಾನದ ಪ್ರಶಿಕ್ಷಣಾರ್ಥಿಯೊಬ್ಬಳು ಒಂಬತ್ತನೆಯ ತರಗತಿಗೆ ರಕ್ತದ ಪಾಠ ಮಾಡಿದಳು. ಚಾರ್ಟ್ ಚೆನ್ನಾಗಿತ್ತು, ಕಪ್ಪುಹಲಗೆ ಸಾರಾಂಶ ಅಚ್ಚುಕಟ್ಟಾಗಿತ್ತು. ಹಿಮೋಗ್ಲೋಬಿನ್‌ಗೆ ಕಬ್ಬಿಣಾಂಶ ಏಕೆ ಬೇಕೆಂಬ ಪ್ರಶ್ನೆಗೆ ಎಲ್ಲರೂ ಕೈ ಎತ್ತಿದರು. ಮುಂದಿನ ಸೋಮವಾರ ಅದೇ ತರಗತಿಯ ಕಿಟಕಿಯ ಕೆಳಗೆ ನೀಲಿ ಮಾತ್ರೆಗಳು ಬಿದ್ದಿದ್ದವು.

ಮಾತ್ರೆ ಹಂಚುವ ಹೊಣೆ ಹೊತ್ತ ಶಿಕ್ಷಕಿಗೆ ತರಬೇತಿ ಆಗಿರಲಿಲ್ಲವೆಂದಲ್ಲ. ಒಂದು ದಿನದ ತರಬೇತಿಯಲ್ಲಿ ದಾಸ್ತಾನು ವಹಿ, ವರದಿಯ ನಮೂನೆ, ಮಾತ್ರೆಯ ಪ್ರಮಾಣ ಎಲ್ಲವನ್ನೂ ಹೇಳಿಕೊಟ್ಟಿದ್ದರು. “ಹುಡುಗಿ ಬೇಡ ಅಂದರೆ ಏನು ಹೇಳಬೇಕು ಅನ್ನೋದನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ ಮೇಡಂ” ಎಂದರು ಅವರು. ಸಾಮರ್ಥ್ಯ ಬಲವರ್ಧನೆಯ ಹೆಸರಿನಲ್ಲಿ ನಡೆಯುವ ಎಷ್ಟೋ ತರಬೇತಿಗಳ ಕತೆ ಇದು. ಮಾಹಿತಿ ಕೈದಾಟುತ್ತದೆ, ಕೌಶಲ ದಾಟುವುದಿಲ್ಲ.

ಕೌಶಲ ಕಲಿಸುವ ವಿಧಾನ ನಮ್ಮ ಬಳಿಯೇ ಇದೆ. 1963ರಲ್ಲಿ ಸ್ಟ್ಯಾನ್‌ಫೋರ್ಡ್‌ನಲ್ಲಿ ರೂಪುಗೊಂಡ ಸೂಕ್ಷ್ಮ ಬೋಧನೆಯನ್ನು ನಾವು 36 ನಿಮಿಷದ ಚಕ್ರವಾಗಿ ಬಳಸುತ್ತೇವೆ: ಬೋಧನೆ 6, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮರುಹಿಮ್ಮಾಹಿತಿ 6. ಅದೇ ಚಕ್ರದಲ್ಲಿ ಮೂರು ಕೌಶಲಗಳನ್ನು ಇಟ್ಟುಕೊಂಡೆವು: ಕಾರಣ ಕೇಳುವುದು, ಖಂಡಿಸದೆ ಆಲಿಸುವುದು, ಒಂದು ಸಣ್ಣ ಹೆಜ್ಜೆಗೆ ಒಪ್ಪಿಸುವುದು. ಒಬ್ಬಳು ಶಿಕ್ಷಕಿ, ಒಬ್ಬಳು ಮಾತ್ರೆ ಒಲ್ಲದ ಹುಡುಗಿ, ಉಳಿದವರು ವೀಕ್ಷಕರು. ಯಾರು ಎಷ್ಟು ಹೊತ್ತು ಮಾತಾಡಿದರು ಎಂಬುದನ್ನೂ ವೀಕ್ಷಕರು ಗುರುತು ಹಾಕಿಕೊಳ್ಳಬೇಕು.

ಮೊದಲ ಸುತ್ತಿನಲ್ಲಿ ಆರು ನಿಮಿಷವೂ ಬಹುಮಟ್ಟಿಗೆ ಶಿಕ್ಷಕಿಯದೇ ಮಾತು. ‘ಮಾತ್ರೆ ತಿಂದರೆ ಮುಂದೆ ಮಕ್ಕಳಾಗಲ್ಲವಂತೆ’ ಎಂದು ಹುಡುಗಿ ಹೇಳಿದ ಕೂಡಲೇ ‘ಅದೆಲ್ಲ ಮೂಢನಂಬಿಕೆ’ ಎಂಬ ಉತ್ತರ ಬಂತು. ಸಂಭಾಷಣೆ ಅಲ್ಲಿಗೇ ಮುಗಿಯಿತು. ಮರುಬೋಧನೆಯಲ್ಲಿ ಅದೇ ಪ್ರಶಿಕ್ಷಣಾರ್ಥಿ “ಯಾರು ಹಾಗಂದ್ರು? ಕೇಳಿದಾಗ ನಿನಗೆ ಏನನ್ನಿಸ್ತು?” ಎಂದು ಕೇಳಿ ಸುಮ್ಮನಾದಳು. ಆ ಮೌನಕ್ಕೆ ವೀಕ್ಷಕರೆಲ್ಲ ಪೂರ್ಣ ಅಂಕ ಕೊಟ್ಟರು. ಹಿಮ್ಮಾಹಿತಿಯ ವೇಳೆ ಇನ್ನೊಬ್ಬಳು ಮೆಲ್ಲಗೆ, “ಹೈಸ್ಕೂಲಲ್ಲಿ ನಾನೂ ಬಿಸಾಡ್ತಿದ್ದೆ ಮೇಡಂ. ಯಾಕೆ ಅಂತ ಯಾರೂ ಕೇಳಲೇ ಇಲ್ಲ” ಎಂದಳು.

ನಂತರ ತರಗತಿಗೆ ಹೋಗಿ, ಹೆಸರು ಬರೆಯದ ಚೀಟಿಗಳಲ್ಲಿ ಕಾರಣ ಬರೆಯಿರೆಂದು ಕೇಳಿದರು. ಊರಿನ ಗಾಳಿಮಾತು ಕೆಲವೇ ಚೀಟಿಗಳಲ್ಲಿತ್ತು. ಹೆಚ್ಚಿನವರು ಬರೆದದ್ದು ಹೊಟ್ಟೆ ತೊಳಸುತ್ತದೆ ಎಂದು. ಒಬ್ಬಳು ಮಲ ಕಪ್ಪಾದದ್ದನ್ನು ಕಂಡು ಹೆದರಿದ್ದಳು. ದೇಹ ಹೀರಿಕೊಳ್ಳದೆ ಉಳಿದ ಕಬ್ಬಿಣಾಂಶದಿಂದ ಹಾಗಾಗುತ್ತದೆ, ಅದರಿಂದ ಅಪಾಯವಿಲ್ಲ ಎಂಬುದನ್ನು ಮೊದಲೇ ಹೇಳಿದ್ದರೆ ಆ ಭಯವೇ ಇರುತ್ತಿರಲಿಲ್ಲ. ಹೊಟ್ಟೆ ತೊಳಸುವುದಕ್ಕೂ ಕಾರಣವಿತ್ತು. ಬೆಳಗಿನ ಬಸ್ಸಿಗೆ ತಿಂಡಿ ತಿನ್ನದೆ ಬರುವ ಹುಡುಗಿಯರಿಗೆ ಕ್ಷೀರಭಾಗ್ಯದ ಹಾಲಿನ ಬೆನ್ನಿಗೇ ಮಾತ್ರೆ ಕೊಡಲಾಗುತ್ತಿತ್ತು. ಹಾಲಿನೊಂದಿಗೆ ಕಬ್ಬಿಣಾಂಶ ಸರಿಯಾಗಿ ಹೀರಲ್ಪಡುವುದೂ ಇಲ್ಲ. ಚೀಟಿಗಳನ್ನು ಓದಿದ ಮುಖ್ಯಶಿಕ್ಷಕರು ಮಾತ್ರೆಯ ಹೊತ್ತನ್ನು ಬಿಸಿಯೂಟದ ನಂತರಕ್ಕೆ ಬದಲಾಯಿಸಿದರು. ಪ್ರಶಿಕ್ಷಣಾರ್ಥಿಗಳು ಬೇಡವೆಂದವರ ಪಕ್ಕ ಕೂತು ಮಾತಾಡಿದರು.

ಕಿಟಕಿಯ ಕೆಳಗಿನ ಮಾತ್ರೆಗಳು ಪೂರ್ತಿ ನಿಲ್ಲಲಿಲ್ಲ, ಕಡಿಮೆಯಾದವು. ಆದರೆ ಮಕ್ಕಳ ವರ್ತನೆ ಬದಲಾಗುವ ಮೊದಲು ಶಾಲೆಯ ವೇಳಾಪಟ್ಟಿ ಬದಲಾಗಬೇಕಾಯಿತು ಎಂಬುದನ್ನು ಪ್ರಶಿಕ್ಷಣಾರ್ಥಿಗಳು ಕಣ್ಣಾರೆ ಕಂಡರು. ಮಕ್ಕಳ ಮಾತು ಕೇಳದೆ ಉಪದೇಶವನ್ನೇ ಮುಂದುವರಿಸಿದ್ದರೆ, ತಪ್ಪು ಹುಡುಗಿಯರದೇ ಎಂದು ನಾವೆಲ್ಲ ನಂಬಿರುತ್ತಿದ್ದೆವು.

ಈ ಸಾಲಿನ ಸೂಕ್ಷ್ಮ ಬೋಧನೆಯಲ್ಲಿ ಪ್ರಶ್ನಿಸುವ ಕೌಶಲ, ವಿವರಣಾ ಕೌಶಲಗಳ ಜೊತೆಗೆ ಆಲಿಸುವ ಕೌಶಲಕ್ಕೂ ಒಂದು ಚಕ್ರ ಇಟ್ಟಿದ್ದೇವೆ. ಅದರ ವೀಕ್ಷಣಾ ಪಟ್ಟಿಯ ಮೊದಲ ಸಾಲು ಹೀಗಿದೆ: ‘ಮಗು ಮಾತು ಮುಗಿಸುವವರೆಗೆ ಶಿಕ್ಷಕರು ಕಾದರೇ?’