ಅಣ್ಣಯ್ಯನ ಚಕಮಕಿ ಕೋವಿ

ಶನಿವಾರ ರಾತ್ರಿ ಒಂಬತ್ತೂವರೆಗೆ ಅಣ್ಣಯ್ಯನ ವಾಟ್ಸಾಪ್ ಕರೆ ಬಂತೆಂದರೆ ಮೊದಲ ಹತ್ತು ನಿಮಿಷ ಕಾಫಿ, ಮೆಣಸಿನ ರೇಟು. ಮುಂದಿನ ಹತ್ತು ನಿಮಿಷ ಊರಿನ ಮಳೆ. ಕೊನೆಗೆ ಅವನ ಮಂಡಿನೋವು. ಕಳೆದ ಏಪ್ರಿಲ್‌ನ ಒಂದು ಶನಿವಾರ ಮಾತ್ರ ಅವನು ಇದ್ಯಾವುದನ್ನೂ ಕೇಳದೆ, "ತಮ್ಮಾ, ಒಂದು ಚಕಮಕಿ ಕೋವಿ ಕಟ್ತಾ ಇದೀನಿ. ಲಾಕ್ ಯಾವುದು ಹಾಕ್ಲಿ? ಟ್ರಿಗರ್ ಯಾವುದು?" ಎಂದ.

ಅಣ್ಣಯ್ಯ ಎಂದರೆ ನನ್ನ ದೊಡ್ಡಪ್ಪನ ಮಗ. ಬೆಳೆದದ್ದು ನಮ್ಮ ಮನೆಯಲ್ಲೇ, ಮೂಡಿಗೆರೆ ಕಡೆಯ ಒಂದು ಹಳ್ಳಿಯಲ್ಲಿ. ಈಗ ಇರುವುದು ಪೆನ್ಸಿಲ್ವೇನಿಯಾದಲ್ಲಿ. ನಾನಿರುವುದು ಇಂದಾಪುರದಲ್ಲಿ. ಪುಣೆಯಿಂದ ಸೊಲ್ಲಾಪುರದ ಹೆದ್ದಾರಿಯಲ್ಲಿ ಸುಮಾರು 140 ಕಿ.ಮೀ. ಬಂದರೆ ಸಿಗುವ ಊರು. ಹೆಂಡತಿಗೆ ಇಲ್ಲಿನ ಬ್ಯಾಂಕ್ ಶಾಖೆಗೆ ವರ್ಗವಾಯಿತು, ನನ್ನ ಕಂಪನಿ ಮನೆಯಿಂದಲೇ ಕೆಲಸ ಮಾಡು ಎಂದಿತು, ಲ್ಯಾಪ್‌ಟಾಪ್ ಹೊತ್ತುಕೊಂಡು ಬಂದುಬಿಟ್ಟೆ. ಶಿವಾಜಿಯ ಅಜ್ಜ ಮಾಲೋಜಿರಾಜೆ ಕಾದಾಡಿ ಸತ್ತದ್ದು ಈ ಊರಲ್ಲಿ. ಕಬ್ಬಿನ ಕಾಲದಲ್ಲಿ ಟ್ರ್ಯಾಕ್ಟರುಗಳ ಹಾಡು ರಾತ್ರಿಯಿಡೀ ನಿಲ್ಲುವುದಿಲ್ಲ.

ಅಮೆರಿಕಕ್ಕೆ ಹೋದವರು ಗಾಲ್ಫ್ ಆಡುತ್ತಾರೆ, ತೋಟ ಮಾಡುತ್ತಾರೆ. ಇದೇನು ಹುಚ್ಚು ಎಂದು ಕೇಳಿದೆ. ಅವನ ಮನೆಯಿಂದ ಲ್ಯಾಂಕಾಸ್ಟರ್ ದೂರವಿಲ್ಲವಂತೆ. ಹದಿನೆಂಟನೇ ಶತಮಾನದಲ್ಲಿ ಜರ್ಮನ್ ಮೂಲದ ಕಮ್ಮಾರರು ಉದ್ದ ನಳಿಗೆಯ ರೈಫಲ್ ಮಾಡುತ್ತಿದ್ದ ಜಾಗ ಅದು. ಆ ರಾಜ್ಯದಲ್ಲಿ ಈಗಲೂ ಕ್ರಿಸ್‌ಮಸ್ ಕಳೆದ ಮೇಲೆ ಚಕಮಕಿ ಕೋವಿಯವರಿಗೆಂದೇ ಜಿಂಕೆ ಬೇಟೆಯ ಅವಧಿಯೊಂದಿದೆ. ಅಣ್ಣಯ್ಯನಿಗೆ ಬೇಟೆ ಬೇಡ. ಅವನಿಗೆ ಬೇಕಿದ್ದುದು ಗುರಿ ಹೊಡೆಯುವುದು. ಮೂತಿಯಿಂದ ಮದ್ದು ತುಂಬುವ ಕೋವಿಗಳಿಗೆ ಅಂತಾರಾಷ್ಟ್ರೀಯ ಸ್ಪರ್ಧೆಗಳೇ ಇವೆ. ಅದರಲ್ಲಿ ಒಂದರ ಹೆಸರೇ 'ಪೆನ್ಸಿಲ್ವೇನಿಯಾ': ಚಕಮಕಿ ರೈಫಲ್, 50 ಮೀಟರ್, ನಿಂತು ಹೊಡೆಯಬೇಕು. ಅರ್ಧ ಗಂಟೆಯಲ್ಲಿ 13 ಗುಂಡು, ಅದರಲ್ಲಿ ಒಳ್ಳೆಯ 10 ಲೆಕ್ಕಕ್ಕೆ. ಅವನ ಕ್ಲಬ್ಬಿನವರು ಅದೇ ಲೆಕ್ಕದಲ್ಲಿ ಆಡುತ್ತಾರೆ. ನಳಿಗೆ, ಮರ, ಲಾಕ್, ಟ್ರಿಗರ್ ಬೇರೆ ಬೇರೆ ತಂದು ಮನೆಯಲ್ಲೇ ಜೋಡಿಸುವವರು ಅಲ್ಲಿ ಬಹಳ.

"ನನ್ನನ್ಯಾಕೆ ಕೇಳ್ತೀಯ ಅಣ್ಣಯ್ಯ? ನಾನು ಜಾವಾ ಬರೆಯೋನು" ಅಂದೆ.

"ಮನೆ ಕೋವಿ ಬಿಚ್ಚಿ ಜೋಡಿಸಿದೋನು ನೀನೇ ಅಲ್ವ" ಅಂದ. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಮನೆಯ ಕೋವಿ ಎಂದರೆ ಅಪ್ಪಯ್ಯನ ಕೇಪಿನ ಕೋವಿ, ಬೆಳೆ ರಕ್ಷಣೆಯ ಲೈಸೆನ್ಸಿನದು. 1998ರ ನವೆಂಬರ್, ಗದ್ದೆ ಕೊಯ್ಲಿಗೆ ಬಂದಿತ್ತು. ಹಂದಿ ಬಂದಿದೆ ಎಂದು ಅಪ್ಪಯ್ಯ ರಾತ್ರಿ ಕೋವಿ ಹಿಡಿದು ಹೊರಟರು. ಬ್ಯಾಟರಿ ಹಿಡಿದು ಹಿಂದೆ ಹೋದವನು ಅಣ್ಣಯ್ಯ, ಅವನಿಗೆ ಹದಿನಾರು. ನನಗೆ ಹನ್ನೊಂದು, ನಾನು ಜಗಲಿಯಲ್ಲಿ. ದಣಪೆ ದಾಟುವಾಗ ಅಪ್ಪಯ್ಯ ಕೋವಿಯನ್ನು ಕೋಲಿನ ಹಾಗೆ ಊರಿದರು. ಕುದುರೆ ಅರ್ಧಕ್ಕೆ ಎಳೆದಿತ್ತು. ಕೋವಿಯ ಹಿಡಿ ಕಲ್ಲಿಗೆ ತಾಗಿತು, ಈಡು ಹಾರಿತು. ನಳಿಗೆ ಹಿಡಿದಿದ್ದ ಎಡಗೈಯ ಎರಡು ಬೆರಳು ಹೋದವು. ಅಣ್ಣಯ್ಯ ಅವರನ್ನು ಬೆನ್ನಮೇಲೆ ಹೊತ್ತು ರಸ್ತೆಯವರೆಗೆ ತಂದ. ಅವನ ಅಂಗಿಯ ಬಣ್ಣ ನನಗೆ ಈಗಲೂ ನೆನಪಿದೆ.

ಕುದುರೆ ಅರ್ಧಕ್ಕೆ ಎಳೆದಿದ್ದರೆ ಏನರ್ಥ ಎಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕೇಪಿನದಿರಲಿ, ಚಕಮಕಿಯದಿರಲಿ, ಲಾಕಿನ ಒಳಗಿನ ಕೆಲಸ ಒಂದೇ. ಕುದುರೆಯ ಬುಡಕ್ಕೆ ಸೇರಿ ಒಳಗೊಂದು ಬಿಲ್ಲೆ, ಅದನ್ನು ತಿರುಗಿಸುವ ದೊಡ್ಡ ಸ್ಪ್ರಿಂಗು. ಬಿಲ್ಲೆಯ ಅಂಚಿನಲ್ಲಿ ಎರಡು ಕಚ್ಚು, ಕಚ್ಚಿಗೆ ಸಿಕ್ಕಿಕೊಳ್ಳುವ ಒಂದು ಕೊಕ್ಕೆ. ಪೂರ್ತಿ ಎಳೆದಾಗ ಕೊಕ್ಕೆಯ ಮೂತಿ ಮೇಲುಕಚ್ಚಿನಲ್ಲಿ ನಿಲ್ಲುತ್ತದೆ. ಟ್ರಿಗರ್ ಒತ್ತಿದರೆ ಅದು ಜಾರಿ ಕುದುರೆ ಬೀಳುತ್ತದೆ. ಅರ್ಧಕ್ಕೆ ಎಳೆದಾಗ ಅದೇ ಮೂತಿ ಆಳವಾದ ಇನ್ನೊಂದು ಕಚ್ಚಿನೊಳಗೆ ಹೂತು ಕೂರುತ್ತದೆ. ಆಗ ಟ್ರಿಗರ್ ಒತ್ತಿದರೂ ಬೀಳಬಾರದು. ಹಳೆ ಕೋವಿಗಳಿಗೆ ಇರುವ ರಕ್ಷಣೆ ಅಷ್ಟೇ. ಆವತ್ತು ರಾತ್ರಿ ಆ ರಕ್ಷಣೆ ಕೈಕೊಟ್ಟಿತ್ತು. ಕೋವಿ ಹಳೆಯದು, ಸವೆದಿತ್ತು ಎಂದು ಎಲ್ಲರೂ ಹೇಳಿದರು. ಪೇಟೆಯಲ್ಲಿ ರಿಪೇರಿಯವನು ಹೊಸ ಕೊಕ್ಕೆ ಹಾಕಿಕೊಟ್ಟ. ಹಳೆಯದನ್ನು ಅಪ್ಪಯ್ಯ ಎಸೆಯದೆ ಒಂದು ವಿಕ್ಸ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. 2016ರಲ್ಲಿ ನಾನು ಕೋವಿ ಬಿಚ್ಚಿ ಎಣ್ಣೆ ಹಾಕುವಾಗ, "ಇಂಜಿನಿಯರ್ ಅಲ್ವ, ಇಟ್ಕ" ಎಂದು ಕೊಟ್ಟರು. ಎಂ.ಟೆಕ್. ಮಾಡಿದ್ದು ಕಂಪ್ಯೂಟರಿನಲ್ಲಿ ಎಂದು ಅವರಿಗೆ ಹೇಳಿ ಪ್ರಯೋಜನವಿಲ್ಲ.

ಅಣ್ಣಯ್ಯ ಕಳಿಸಿದ ಪಟ್ಟಿಯಲ್ಲಿ ಮೂರು ಲಾಕು, ಮೂರು ಬಗೆಯ ಟ್ರಿಗರ್ ಇದ್ದವು. ಸರಳ ಟ್ರಿಗರ್: ಒಂದೇ ತುಂಡು, ಕೊಕ್ಕೆಯನ್ನು ನೇರವಾಗಿ ಎತ್ತುತ್ತದೆ. ಒಂಟಿ ಸೆಟ್ ಟ್ರಿಗರ್: ಮುಂದಕ್ಕೆ ತಳ್ಳಿದರೆ ಹಗುರವಾಗುತ್ತದೆ. ಜೋಡಿ ಸೆಟ್ ಟ್ರಿಗರ್: ಹಿಂದಿನದನ್ನು ಎಳೆದು 'ಕಟ್ಟಿ' ಇಟ್ಟರೆ ಮುಂದಿನದು ಮುಟ್ಟಿದರೆ ಸಾಕು. ಅಣ್ಣಯ್ಯನ ಮನಸ್ಸು ಕೊನೆಯದರ ಮೇಲೆ. ನನಗೆ ಓದುತ್ತಲೇ ಬೆನ್ನಿನಲ್ಲಿ ಚಳಿ ಹುಟ್ಟಿತು. ಸರಳ ಟ್ರಿಗರ್ ಹಾಕು, ಒಂದೂವರೆ ಕಿಲೋ ಎಳೆತ ಇರಲಿ, ಹಗುರ ಬೇಡವೇ ಬೇಡ ಎಂದು ಬರೆದೆ. ಅವನು, "ನಿಂತು ಹೊಡೆಯೋದು ಮಾರಾಯ, ಒಂದೂವರೆ ಕಿಲೋ ಎಳೆಯೋ ಹೊತ್ತಿಗೆ ಗುರಿ ಎಲ್ಲೋ ಇರತ್ತೆ" ಎಂದ.

ಅವನ ಮಾತಲ್ಲೂ ಹುರುಳಿತ್ತು. ಚಕಮಕಿ ಕೋವಿಯಲ್ಲಿ ಟ್ರಿಗರ್ ಒತ್ತಿದ ತಕ್ಷಣ ಗುಂಡು ಹೊರಡುವುದಿಲ್ಲ. ಕುದುರೆ ಬೀಳಬೇಕು, ಕಲ್ಲು ಉಕ್ಕಿನ ತಗಡನ್ನು ಕೆರೆದು ಕಿಡಿ ಎಬ್ಬಿಸಬೇಕು, ಬಟ್ಟಲಿನ ರಂಜಕ ಹತ್ತಬೇಕು, ಆ ಬೆಂಕಿ ಕಿವಿಯೊಳಗಿಂದ ಹೋಗಿ ಒಳಗಿನ ಮದ್ದನ್ನು ಮುಟ್ಟಬೇಕು. ಕಣ್ಣೆದುರೇ ಬೆಂಕಿ ಭಗ್ ಎಂದರೂ ಗುಂಡು ಹೊರಡುವವರೆಗೆ ಕೈ ಅಲುಗಬಾರದು. ಪ್ಯಾರಿಸ್ಸಿನಲ್ಲಿ 2024ರಲ್ಲಿ ಕಂಚು ಗೆದ್ದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆಯ ರೈಫಲ್‌ಗೆ ಈ ತಾಪತ್ರಯವಿಲ್ಲ.

ನಮ್ಮ ಕಾಲೊನಿಯಲ್ಲಿ ಒಬ್ಬ ಕಾಕಾ ಇದ್ದಾರೆ. ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು. ನನ್ನ ಹರಕು ಮರಾಠಿಯಲ್ಲಿ ವಿಷಯ ಹೇಳಿದೆ. "ಠಾಸಣೀಚಿ ಬಂದೂಕ!" ಎಂದು ಮುಖ ಅರಳಿಸಿದರು. ಮುಂದಿನ ಭಾನುವಾರ ಸ್ಕೂಟರಿನಲ್ಲಿ ನನ್ನನ್ನು ಉಜನಿ ಹಿನ್ನೀರಿಗೆ ಕರೆದುಕೊಂಡು ಹೋದರು. ನೀರು ಇಳಿದಿತ್ತು. ತೀರ ಇಳಿದ ಬೇಸಿಗೆಗಳಲ್ಲಿ ಪಳಸದೇವದ ಮುಳುಗಿದ ದೇವಸ್ಥಾನವೇ ಮೇಲೆ ಬರುತ್ತದೆ. ಭೀಮೆಯ ಆ ಒಣ ದಂಡೆಯಲ್ಲಿ ಕಾಕಾ ಗಾರಗೋಟಿ ಹೆಕ್ಕಿದರು, ಹಾಲುಬಣ್ಣದ, ಜೇನುಬಣ್ಣದ ಕಲ್ಲುಗಳು. ಇದೇ ಜಿಲ್ಲೆಯ ಇನಾಮಗಾಂವ್‌ನಲ್ಲಿ ಡೆಕ್ಕನ್ ಕಾಲೇಜಿನವರು ಅಗೆದಾಗ ಮೂರು ಸಾವಿರ ವರ್ಷ ಹಿಂದಿನ ಜನ ಇಂಥ ಕಲ್ಲಿನಿಂದಲೇ ಮಾಡಿದ ಅಲಗುಗಳು ಸಿಕ್ಕಿದ್ದವು. ಕಾಕಾ ಒಂದನ್ನು ಒಡೆದು, ಚೂಪು ಅಂಚಿನಿಂದ ಹಳೆ ಅರವನ್ನು ಕೆರೆದರು. ಕಿಡಿ ಹಾರಿತು.

"ಕಿಡಿ ಕಲ್ಲಿನದಲ್ಲ, ಉಕ್ಕಿನದು" ಎಂದರು. ಕಲ್ಲು ಉಕ್ಕನ್ನು ಸಣ್ಣಗೆ ಹೆರೆಯುತ್ತದೆ, ಆ ಹೆರೆದ ಚೂರು ಉರಿಯುತ್ತದೆ. ಉಕ್ಕಿನ ತಗಡು ಮೆತ್ತಗಿದ್ದರೆ ಕಲ್ಲು ಅದರಲ್ಲಿ ಗೆರೆ ಕೊರೆದು ನಿಲ್ಲುತ್ತದೆ, ಕಿಡಿಯಿಲ್ಲ. ತೀರ ಗಟ್ಟಿಯಿದ್ದರೆ ಕಲ್ಲು ಜಾರುತ್ತದೆ, ಆಗಲೂ ಕಿಡಿಯಿಲ್ಲ. ಲಾಕು ಆರಿಸುವಾಗ ಚಿತ್ತಾರಕ್ಕಿಂತ ಮೊದಲು ನೋಡಬೇಕಾದ್ದು ಇದು: ತಗಡಿನ ಹದ, ಎರಡು ಸ್ಪ್ರಿಂಗುಗಳ ಸಮತೂಕ, ಕಲ್ಲು ತಗಡಿಗೆ ಓರೆಯಾಗಿ ಮೇಲುಭಾಗದಲ್ಲಿ ತಾಗಿ ಕೆರೆಯುತ್ತ ಇಳಿಯುವ ಕೋನ.

ಮನೆಗೆ ಬಂದಮೇಲೆ, ಇದನ್ನೂ ನೋಡಿ ಕಾಕಾ ಎಂದು ವಿಕ್ಸ್ ಡಬ್ಬಿ ಕೊಟ್ಟೆ. ಕೊಕ್ಕೆಯನ್ನು ಭೂತಕನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. "ಇದು ಸವೆದದ್ದಲ್ಲ. ಯಾರೋ ಕಲ್ಲಿನಲ್ಲಿ ಮಸೆದಿದ್ದಾರೆ. ಗೆರೆಗಳೆಲ್ಲ ಅಡ್ಡಡ್ಡ ಒಂದೇ ಕಡೆಗೆ ನೇರ ಇವೆ ನೋಡು. ತಾನಾಗಿ ಸವೆದರೆ ಹೀಗಿರುವುದಿಲ್ಲ."

ಇಂಥ ತುಂಡುಗಳಿಗೆ ಮೇಲಿನ ಚರ್ಮ ಮಾತ್ರ ಗಟ್ಟಿ, ಒಳಗೆ ಮೆತ್ತನೆ ಕಬ್ಬಿಣ. ಮಸೆದರೆ ಟ್ರಿಗರ್ ಹಗುರಾಗುತ್ತದೆ, ಮೊದಮೊದಲು ಚೆನ್ನಾಗಿಯೇ ಹೊಡೆಯುತ್ತದೆ. ಚರ್ಮ ಹೋಗಿರುವುದರಿಂದ ಮೂತಿ ಬೇಗ ಬೇಗ ದುಂಡಗಾಗುತ್ತದೆ. ಮೂತಿ ಒಂದೇ, ಎರಡೂ ಕಚ್ಚಿಗೆ. ಮೇಲುಕಚ್ಚಿಗಾಗಿ ಮಸೆದರೆ ಅರ್ಧಕಚ್ಚಿನ ಹಿಡಿತವೂ ಹೋಯಿತು.

ನಮ್ಮ ಮನೆಯಲ್ಲಿ ಆಗ ಕೋವಿ ಮುಟ್ಟುತ್ತಿದ್ದವರು ಇಬ್ಬರೇ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಅಣ್ಣಯ್ಯ ಸೋಮವಾರಪೇಟೆಯ ಸ್ನೇಹಿತನ ಮನೆಗೆ ಕೈಲ್‌ಪೊಳ್ದ್ ಹಬ್ಬಕ್ಕೆ ಹೋಗಿದ್ದ. ತೋಕ್‌ಪೂ ಸಿಕ್ಕಿಸಿ ಪೂಜೆ ಮಾಡಿದ ಕೋವಿಗಳು, ಮರದ ಮೇಲಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಡ ಎಂದು ನಮಗೆ ಹೊಟ್ಟೆಕಿಚ್ಚು. ಬಂದಮೇಲೆ ತಿಂಗಳುಗಟ್ಟಲೆ ಅವನ ಬಾಯಲ್ಲಿ ಅದೇ ಮಾತು. ನಮ್ಮ ಕೋವಿಯ ಟ್ರಿಗರ್ ಕತ್ತೆಯ ಹಾಗೆ, ಎಳೆದರೂ ಬರಲ್ಲ ಎನ್ನುತ್ತಿದ್ದ. ಕತ್ತಿ ಮಸೆಯುವ ಕಲ್ಲು ಕೊಟ್ಟಿಗೆಯಲ್ಲೇ ಇತ್ತು.

ಆ ವಾರ ನಾನು ಅಣ್ಣಯ್ಯನ ಸಂದೇಶಗಳಿಗೆ ಉತ್ತರ ಕೊಡಲಿಲ್ಲ. ಸಿಟ್ಟು ಬಂದಿತ್ತೆ? ಬಂದಿತ್ತು. ಅಪ್ಪಯ್ಯ ಎಂಟು ಬೆರಳಿನಲ್ಲಿ ಶರ್ಟಿನ ಗುಂಡಿ ಹಾಕಿಕೊಳ್ಳುವುದನ್ನು ನಾನು ನೋಡಿ ಬೆಳೆದವನು. ಆದರೆ ಅವರನ್ನು ಕತ್ತಲೆಯಲ್ಲಿ ಹೊತ್ತು ತಂದವನೂ ಅವನೇ. ಆಮೇಲೆ ಊರಲ್ಲಿದ್ದಷ್ಟು ಕಾಲ ಅವನು ಕೋವಿ ಮುಟ್ಟಲಿಲ್ಲ. ಇಪ್ಪತ್ತೈದು ವರ್ಷ ದಾಟಿದ ಮೇಲೆ, ಅದೂ ನನ್ನನ್ನು ಕೇಳಿಕೊಂಡು ಮುಟ್ಟಲು ಹೊರಟಿದ್ದ.

ಸುಮ್ಮನಿರಲಾರದೆ ಆ ಜೋಡಿ ಟ್ರಿಗರಿನ ಚಿತ್ರಗಳನ್ನು ಮತ್ತೆ ಬಿಡಿಸಿ ನೋಡಿದೆ. ಆಗ ನನ್ನ ತಪ್ಪು ತಿಳಿಯಿತು. ಅದರಲ್ಲಿ ಹಗುರತನವನ್ನು ಕೊಕ್ಕೆಯಿಂದ ಕದಿಯುವುದೇ ಇಲ್ಲ. ಲಾಕಿನ ಕಚ್ಚು ಆಳವಾಗಿಯೇ, ಸ್ಪ್ರಿಂಗು ಬಿಗಿಯಾಗಿಯೇ ಇರುತ್ತದೆ. ಹಿಂದಿನ ಟ್ರಿಗರ್ ತನ್ನದೇ ಬೇರೆ ಸ್ಪ್ರಿಂಗನ್ನು ಕಟ್ಟಿಡುತ್ತದೆ. ಮುಂದಿನದನ್ನು ಮುಟ್ಟಿದಾಗ ಆ ಸ್ಪ್ರಿಂಗು ಬಿಚ್ಚಿ ಕೊಕ್ಕೆಯನ್ನು ಕೆಳಗಿನಿಂದ ಗುದ್ದಿ ಎತ್ತುತ್ತದೆ. ಕೋವಿಯ ಮೂತಿ ಗುರಿಯ ಕಡೆಗೆ ತಿರುಗಿದ ಮೇಲಷ್ಟೇ ಕಟ್ಟಿದರಾಯಿತು. ಉಳಿದ ಹೊತ್ತೆಲ್ಲ ಅದು ಬಿಗಿ ಟ್ರಿಗರ್‌ನ ಕೋವಿಯೇ. ಸರಳ ಟ್ರಿಗರ್ ಹಾಕಿಸಿದ್ದರೆ, ನಾಳೆ ಅಂಕ ಬರಲಿಲ್ಲವೆಂದು ಅವನ ಕೈ ಮತ್ತೆ ಕೊಕ್ಕೆಯ ಮೂತಿಗೇ ಹೋಗುತ್ತಿತ್ತೇನೋ.

ಒಂದು ಷರತ್ತಿದೆ. ಆ ಗುದ್ದು ಕ್ಷಣದ್ದು. ಕುದುರೆ ಬೀಳುವ ದಾರಿಯಲ್ಲಿ ಕೊಕ್ಕೆ ವಾಪಸು ಇಳಿದು ಅರ್ಧಕಚ್ಚಿಗೆ ಸಿಕ್ಕಿಬಿಡಬಹುದು. ಸಿಕ್ಕರೆ ಮೂತಿ ಮುರಿಯುತ್ತದೆ. ಅದಕ್ಕಾಗಿ ಒಳ್ಳೆಯ ಲಾಕುಗಳ ಬಿಲ್ಲೆಯಲ್ಲಿ 'ಫ್ಲೈ' ಎಂಬ ಪುಟ್ಟ ನಾಲಗೆ ಇರುತ್ತದೆ. ಅದು ಕೊಕ್ಕೆಯನ್ನು ಅರ್ಧಕಚ್ಚಿನ ಮೇಲಿಂದ ದಾಟಿಸುತ್ತದೆ.

ಬರೆದು ಕಳಿಸಿದೆ: "ಫ್ಲೈ ಇರುವ ಲಾಕ್ ತಗೋ. ಜೋಡಿ ಸೆಟ್ ಟ್ರಿಗರ್ ಹಾಕು, ಕಟ್ಟದೆಯೂ ಹಾರುವ ಬಗೆಯದು. ಮುಂದಿನ ಟ್ರಿಗರ್‌ನ ತೂಕವನ್ನು ಎರಡರ ನಡುವಿನ ಸ್ಕ್ರೂನಲ್ಲೇ ಸರಿ ಮಾಡು. ಕೊಕ್ಕೆಯ ಮೂತಿಗೆ ಮಾತ್ರ ಕಲ್ಲು ಮುಟ್ಟಿಸಬೇಡ ಅಣ್ಣಯ್ಯ."

ಎರಡು ನೀಲಿ ಗೆರೆ ಬಂತು. ಉತ್ತರ ಬರಲಿಲ್ಲ. ನಾಲ್ಕನೇ ದಿನ, ಶನಿವಾರವಲ್ಲ, ಬುಧವಾರ ಬೆಳಿಗ್ಗೆ ನನ್ನ ಮೀಟಿಂಗಿನ ನಡುವೆ ಕರೆ ಬಂತು. ಅಲ್ಲಿ ನಡುರಾತ್ರಿ.

"ಯಾವಾಗ ಗೊತ್ತಾಯ್ತು?"

"ಹೋದ ವಾರ."

"ಚಿಕ್ಕಪ್ಪಯ್ಯಂಗೆ?"

"ನಾನು ಹೇಳಿಲ್ಲ."

"ಹೇಳಬೇಡ. ನಾನೇ ಬಂದು ಹೇಳ್ತೀನಿ."

ಡಿಸೆಂಬರ್‌ನಲ್ಲಿ ಬಂದ. ನಾನೂ ಊರಿಗೆ ಹೋಗಿದ್ದೆ. ಜಗಲಿಯಲ್ಲಿ ಅಪ್ಪಯ್ಯ ಕಾಫಿ ಕುಡಿಯುತ್ತಿದ್ದರು. ಅಣ್ಣಯ್ಯ ಪಕ್ಕದಲ್ಲಿ ಕೂತು ನೆಲ ನೋಡುತ್ತ ಎಲ್ಲ ಹೇಳಿದ. ಅಪ್ಪಯ್ಯ ಲೋಟ ಕೆಳಗಿಟ್ಟರು. ಅವನ ಮುಖವನ್ನೂ ನೋಡಲಿಲ್ಲ, ಕೈಯನ್ನೂ ನೋಡಿಕೊಳ್ಳಲಿಲ್ಲ. "ನೀ ಕಟ್ಟಿದ ಕೋವಿಯ ಫೋಟೋ ಇದ್ಯ?" ಎಂದರು.

ಅಣ್ಣಯ್ಯ ಫೋನ್ ಕೊಟ್ಟ. ಮೇಪಲ್ ಮರದ ಹಿಡಿ, ಹಿತ್ತಾಳೆಯ ಪಟ್ಟಿ. ಅಪ್ಪಯ್ಯ ಒಂದೊಂದಾಗಿ ಸರಿಸಿ ನೋಡಿದರು.

"ಅರ್ಧ ಕುದುರೆ ಸರಿ ಹಿಡೀತದ?"

"ಹಿಡೀತದೆ ಚಿಕ್ಕಪ್ಪಯ್ಯ. ನಾನು ಕೈ ಹಾಕಿಲ್ಲ."

"ಹಂಗಾದ್ರೆ ಸೈ" ಎಂದು ಫೋನ್ ವಾಪಸು ಕೊಟ್ಟರು. ಅವರಿಗೆ ಮೊದಲೇ ಗೊತ್ತಿತ್ತೋ, ಇಲ್ಲವೋ, ಆ ಡಬ್ಬಿ ಯಾಕೆ ಇಟ್ಟುಕೊಂಡಿದ್ದರೋ ನಾನು ಕೇಳಲಿಲ್ಲ. ಕೇಳುವುದೂ ಇಲ್ಲ.

ಇದನ್ನು ಇಬ್ಬರ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಅಣ್ಣಯ್ಯ ಹೋದ ತಿಂಗಳು ಕ್ಲಬ್ಬಿನಲ್ಲಿ ನೂರಕ್ಕೆ 71 ಹೊಡೆದನಂತೆ. ಅಲ್ಲಿನ ಕಪ್ಪು ಕಲ್ಲು ಚೆನ್ನಾಗಿದೆಯಂತೆ, ಆದರೂ ಭೀಮೆಯ ದಂಡೆಯ ಜೇನುಬಣ್ಣದ್ದು ನಾಲ್ಕು ಕಳಿಸು ಎಂದಿದ್ದಾನೆ. ಕಾಕಾ ಆಗಲೇ ಒಡೆಯಲು ಕೂತಿದ್ದಾರೆ.