ವೃತ್ತಿವೇಷವೂ ನಮ್ಮ ಊರಿನ ಹವೆಯೂ

ಯಾವ ಶುಭಕಾರ್ಯವನ್ನು ಆರಂಭಿಸುವಾಗಲೂ ನಮ್ಮ ಹಿರಿಯರು ಮೊದಲು ಸಂಕಲ್ಪ ಮಾಡುವುದು ರೂಢಿ. ಇಂಥ ದೇಶ, ಇಂಥ ನದಿಯ ತೀರ, ಇಂಥ ಋತು, ಇಂಥ ಮಾಸ ಎಂದು ದೇಶಕಾಲಗಳನ್ನು ಉಚ್ಚರಿಸಿದ ಮೇಲೆಯೇ ಕರ್ಮಕ್ಕೆ ಕೈಯಿಡುವುದು. ಬಟ್ಟೆಯುಡುವ ವಿಷಯದಲ್ಲಿ ಮಾತ್ರ ನಾವು ಈ ದೇಶಕಾಲಗಳನ್ನು ಮರೆತಿರುವೆವೋ ಎಂಬ ಶಂಕೆಯು ಪ್ರತಿವರ್ಷವೂ ಚೈತ್ರ ವೈಶಾಖಗಳಲ್ಲಿ ನನಗೆ ಬಲವಾಗುತ್ತದೆ. ಅದನ್ನು ವಾಚಕಮಹಾಶಯರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ.

ಕಲಬುರಗಿಯ ಹವೆಯನ್ನು ಇಲ್ಲಿಯ ವಾಚಕರಿಗೆ ವರ್ಣಿಸುವುದು ಅನಾವಶ್ಯಕ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಮಾನವು 40 ಅಂಶಗಳನ್ನು ದಾಟುವುದು ನಮಗೆ ವಾರ್ತೆಯೇ ಅಲ್ಲ. ಆಗಿನದು ಒಣಬಿಸಿಲು; ಬೆವರು ಮೂಡಿದೊಡನೆಯೇ ಆರುತ್ತದೆ. ಮೃಗಶಿರೆಯ ಮಳೆ ಬಿದ್ದ ಮೇಲೆ ಸ್ಥಿತಿಯೇ ಬೇರೆ. ಮೋಡ ಕವಿದು, ಗಾಳಿ ನಿಂತು, ಬೆವರು ಆರದೆ ಮೈಗೆ ಅಂಟಿಕೊಳ್ಳುವ ಧಗೆ ಹುಟ್ಟುತ್ತದೆ. ಎರೆಯ ನೆಲದ ಕೆಸರು ಒಮ್ಮೆ ಪಾದರಕ್ಷೆಗೆ ಹತ್ತಿತೆಂದರೆ ಹೆಜ್ಜೆಹೆಜ್ಜೆಗೂ ಭಾರವಾಗುತ್ತ ಹೋಗುತ್ತದೆ. ನೆನೆದ ಶಹಾಬಾದ ಫರಸಿಯ ಮೇಲೆ ಬೂಟು ಜಾರುವುದೂ ಉಂಟು. ಹೀಗೆ ಒಂದೇ ವರ್ಷದಲ್ಲಿ ಎರಡು ಬಗೆಯ ತಾಪ, ಮೇಲೆ ಕೆಸರು. ಉದ್ಯೋಗಕ್ಕೆ ಹೋಗುವವನ ಉಡುಪು ಮಾತ್ರ ಹನ್ನೆರಡು ತಿಂಗಳೂ ಒಂದೇ.

ಇದು ಇಂದು ಹುಟ್ಟಿದ ರೋಗವೆಂದು ತಿಳಿಯಬೇಕಾಗಿಲ್ಲ. 1948ರ ಸೆಪ್ಟೆಂಬರಿನವರೆಗೆ ಈ ಪ್ರಾಂತವು ನಿಜಾಮರ ಆಳ್ವಿಕೆಯಲ್ಲಿತ್ತಷ್ಟೆ. ಆಗ ಕಚೇರಿಗೆ ಹೋಗುವ ಗೃಹಸ್ಥನಿಗೆ ಶೇರವಾನಿಯೇ ಮರ್ಯಾದೆಯ ಉಡುಪು. ಕೊರಳಿನವರೆಗೆ ಗುಂಡಿ, ಮೊಣಕಾಲಿನವರೆಗೆ ಅಂಗಿ. ಕಚೇರಿಯ ಮೆಟ್ಟಿಲಿನ ಮೇಲೆ ಅದನ್ನು ತೊಟ್ಟು, ಹೊರಗೆ ಬಂದೊಡನೆ ಕಳಚಿ ತೋಳಿನ ಮೇಲೆ ಹಾಕಿಕೊಳ್ಳುತ್ತಿದ್ದವರ ಮಾತನ್ನು ನಮ್ಮ ಹಿರಿಯರು ನಗುತ್ತ ಹೇಳುತ್ತಿದ್ದರು. ಆದರೆ ಇದೇ ಊರಿನ ನೆಹರೂ ಗಂಜಿನಲ್ಲಿ ಹಳೆಯ ತಲೆಮಾರಿನ ಅಡತಿ ಸಾಹುಕಾರರು ಬಿಳಿಯ ಧೋತರ, ಸಡಿಲವಾದ ಬಿಳಿಯ ಅಂಗಿ, ತಲೆಗೊಂದು ಟೊಪ್ಪಿಗೆ ಇಷ್ಟರಲ್ಲಿಯೇ ಲಕ್ಷಾಂತರ ರೂಪಾಯಿಗಳ ತೊಗರಿಯ ವ್ಯವಹಾರ ನಡೆಸಿದರು. ಅವರ ಕೊರಳಿನಲ್ಲಿ ಟಾಯಿಯಿಲ್ಲವೆಂದು ರೈತನು ಅವರ ಮಾತನ್ನು ನಂಬದೆ ಹೋದುದನ್ನು ನಾನು ಕಾಣೆ.

ನ್ಯಾಯಾಲಯದ ಮಾತಿಗೆ ಬರೋಣ. 1961ರ ವಕೀಲರ ಅಧಿನಿಯಮದ ಅಡಿಯಲ್ಲಿ ರಚಿತವಾದ ನಿಯಮಗಳು ಕರಿಯ ಕೋಟನ್ನೂ ಬಿಳಿಯ ಕೊರಳಪಟ್ಟಿಯನ್ನೂ ವಿಧಿಸಿವೆ. ಅವೇ ನಿಯಮಗಳು, ಸರ್ವೋಚ್ಚ ಮತ್ತು ಉಚ್ಚ ನ್ಯಾಯಾಲಯಗಳನ್ನು ಬಿಟ್ಟು ಉಳಿದೆಡೆ ಬೇಸಗೆಯಲ್ಲಿ ಆ ಕೋಟು ಕಡ್ಡಾಯವಲ್ಲವೆಂದೂ ಹೇಳಿವೆ. 2024ರ ಬೇಸಗೆಯಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಜಿಲ್ಲಾ ಮತ್ತು ವಿಚಾರಣಾ ನ್ಯಾಯಾಲಯಗಳ ವಕೀಲರಿಗೆ ಮೇ ತಿಂಗಳ ಕೊನೆಯವರೆಗೆ ಕೋಟಿನಿಂದ ವಿನಾಯಿತಿ ಕೊಟ್ಟಿತು. ಇದರಿಂದ ನ್ಯಾಯದ ತೂಕ ಕಡಿಮೆಯಾಯಿತೆಂದು ಯಾವ ಕಕ್ಷಿಗಾರನೂ ದೂರಿದುದು ನನ್ನ ಕಿವಿಗೆ ಬಿದ್ದಿಲ್ಲ. ಸರಕಾರವೂ ಕಲಬುರಗಿ ವಿಭಾಗದ ಕಚೇರಿಗಳಿಗೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1-30ರವರೆಗಿನ ವೇಳೆಯನ್ನು ಗೊತ್ತುಮಾಡುವ ಪದ್ಧತಿಯನ್ನಿಟ್ಟುಕೊಂಡಿದೆ. ಬೆಂಗಳೂರಿನ ಗಡಿಯಾರವು ಇಲ್ಲಿಗೆ ಹೊಂದದೆಂದು ಸರಕಾರವೇ ಒಪ್ಪಿದ ಮೇಲೆ ಬೆಂಗಳೂರಿನ ಕೋಟು ಹೊಂದೀತೆ?

ಈ ಬಗೆಯ ವಿನಾಯಿತಿಗಳು ಮುಟ್ಟದ ಜನರೊಂದಿಷ್ಟು ಮಂದಿ ಇದ್ದಾರೆ. ನನ್ನ ಚಿಂತೆ ಅವರದು. ಹಿಂದೆ ನನ್ನ ಬಳಿ ಓದಿದ ಹುಡುಗನೊಬ್ಬನು ಗಾಜಿಪುರದಲ್ಲಿದ್ದಾನೆ. ಔಷಧದ ಕಂಪನಿಯೊಂದರ ಪ್ರತಿನಿಧಿ. ಕೊರಳಿಗೆ ಟಾಯಿ, ಮಣಿಕಟ್ಟಿನವರೆಗೆ ಗುಂಡಿ ಹಾಕಿದ ಪಾಲಿಯೆಸ್ಟರ್ ಅಂಗಿ, ಕಾಲಿಗೆ ಬೂಟು, ಬೆನ್ನಿಗೆ ಚೀಲ. ಮೋಟಾರ್ ಸೈಕಲ್ಲೇರಿ ಹುಮನಾಬಾದ ರಸ್ತೆ ಹಿಡಿದು ಕಮಲಾಪುರದವರೆಗೆ ವೈದ್ಯರ ಬಾಗಿಲುಗಳನ್ನು ಸುತ್ತುವುದು ಅವನ ಕೆಲಸ. ಒಂದು ಮೇ ತಿಂಗಳ ಮಧ್ಯಾಹ್ನ ಅವನು ವೈದ್ಯರೊಬ್ಬರ ಬಾಗಿಲಿನಲ್ಲಿಯೇ ಕಣ್ಣು ಕತ್ತಲೆಗಟ್ಟಿ ಬಿದ್ದನು. ಔಷಧ ಮಾರಹೋದವನಿಗೆ ಅವರೇ ಔಷಧ ಕೊಟ್ಟು ಉಳಿಸಿದರು. ಸಂಜೆ ನೋಡಲು ಹೋದಾಗ, “ದಾರಿಯಲ್ಲಾದರೂ ಆ ಟಾಯಿಯನ್ನು ಬಿಚ್ಚಬಾರದಿತ್ತೇನಪ್ಪಾ?” ಎಂದೆನು. “ಬಾಗಿಲಿನಾಗ ನಿಂತು ದಿನಾ ಫೋಟೋ ತೆಗೆದು ಕಳಸ್ಬೇಕ್ರಿ ಗುರುಗಳ. ಟಾಯಿ ಇಲ್ಲಂದ್ರ ಅವತ್ತಿನ ಹಾಜರಿ ಹಿಡಿಯಂಗಿಲ್ರಿ” ಎಂದನು. ಅವನ ತಾಯಿ ಬೀಸಣಿಗೆ ಬೀಸುತ್ತ ಪಕ್ಕದಲ್ಲಿ ಕುಳಿತಿದ್ದರು. ಒಂದು ಮಾತನ್ನೂ ಆಡಲಿಲ್ಲ. ಮರುವಾರವೇ ಅವನು ಅದೇ ಉಡುಪಿನಲ್ಲಿ ಅದೇ ರಸ್ತೆ ಹಿಡಿದನು.

ಪಾಠಶಾಲೆಯಲ್ಲಿ ನಾವು ಕಲಿತಂತೆ ವಸ್ತ್ರಶಬ್ದವು ಹೊದಿಸುವುದೆಂಬ ಅರ್ಥದ ವಸ್ ಧಾತುವಿನಿಂದ ಬಂದುದು. ನಿವಾಸಶಬ್ದದ ವಸ್ ಬೇರೆಯ ಧಾತುವಾದರೂ ಧ್ವನಿಯಲ್ಲಿ ಅದರ ಸೋದರ. ಉಡುಪೂ ದೇಹಕ್ಕೆ ಒಂದು ಮನೆಯೇ ಸರಿ. ಬೆಳಕಿಂಡಿಯಿಲ್ಲದ ಮನೆಯನ್ನು ನಮ್ಮ ಸೀಮೆಯಲ್ಲಿ ಯಾರೂ ಕಟ್ಟರು. ಸಿನಾಯ್ ಮರುಭೂಮಿಯ ಬೆದೂಯಿನರು ಕರಿಯ ನಿಲುವಂಗಿ ತೊಡುವುದೇಕೆಂದು ವಿಜ್ಞಾನಿಗಳು ಪರೀಕ್ಷಿಸಿ 1980ರಲ್ಲಿ ಪ್ರಕಟಿಸಿದ ನಿರ್ಣಯವು ಇಲ್ಲಿ ನೆನೆಯತಕ್ಕದ್ದು. ಕರಿಯ ಬಟ್ಟೆಯು ಹೆಚ್ಚು ಬಿಸಿಲನ್ನು ಹೀರಿದರೂ, ಅಂಗಿಯು ಸಡಿಲವಾಗಿದ್ದುದರಿಂದ ಒಳಗೆ ಆಡುವ ಗಾಳಿಯು ಆ ಹೆಚ್ಚಿನ ಶಾಖವನ್ನು ಚರ್ಮಕ್ಕೆ ತಲುಪಗೊಡದೆ ಒಯ್ಯುತ್ತಿದ್ದಿತು. ಹಾಗಾದರೆ ಬಣ್ಣಕ್ಕಿಂತಲೂ ಬಿಗಿಯೇ ದೊಡ್ಡ ಶತ್ರು. ಟಾಯಿಯಾದರೋ ಕೊರಳಿನ ಬೆಳಕಿಂಡಿಯನ್ನೇ ಮುಚ್ಚುವ ಸಾಧನ. ನೂಲಿನ ವಿಚಾರವೂ ಉಂಟು. ಸಾಧಾರಣ ಹವೆಯಲ್ಲಿ ನೂರು ತೊಲೆ ಹತ್ತಿಯು ಸುಮಾರು 8 ತೊಲೆ ತೇವವನ್ನು ತನ್ನೊಳಗೆ ಹಿಡಿದರೆ, ಪಾಲಿಯೆಸ್ಟರ್ ಹಿಡಿಯುವುದು ಅರ್ಧ ತೊಲೆಯನ್ನೂ ಅಲ್ಲ. ಮಳೆಯಲ್ಲಿ ತೊಯ್ದಾಗ ಬೇಗ ಆರುವುದು ಆ ನೂಲಿನ ಗುಣವೆಂಬುದನ್ನೂ ಅಲ್ಲಗಳೆಯಲಾಗದು. ಆದುದರಿಂದ ಬೇಸಗೆಗೆ ಸಡಿಲವಾದ ತಿಳಿಬಣ್ಣದ ಹತ್ತಿಯಂಗಿ. ಮಳೆಗಾಲಕ್ಕೆ ಬೆರಕೆ ನೂಲಿನ ಇಜಾರ, ಕೆಸರು ತೊಳೆದರೆ ಹೋಗುವ ಪಾದರಕ್ಷೆ, ಚೀಲದಲ್ಲಿ ನೀರು ತಾಗದಂತೆ ಮಡಿಸಿಟ್ಟ ಇನ್ನೊಂದು ಅಂಗಿ. ಇಷ್ಟಾದರೆ ಯಾವ ಗೃಹಸ್ಥನ ಎದುರಿನಲ್ಲಿಯೂ ಹೋಗಿ ನಿಲ್ಲಬಹುದು.

“ಮರ್ಯಾದೆಯ ಗತಿಯೇನು?” ಎಂದು ಕೆಲವರು ಕೇಳಬಹುದು. ಶಿಷ್ಟಾಚಾರದಲ್ಲಿ ಯಾರಿಗೂ ಕಡಿಮೆಯಲ್ಲದ ಜಪಾನಿನ ಸರಕಾರವು 2005ರ ಬೇಸಗೆಯಲ್ಲಿ, ಕಚೇರಿಗಳ ಶೀತಯಂತ್ರಗಳನ್ನು 28 ಅಂಶಕ್ಕೆ ನಿಲ್ಲಿಸಿ, ಟಾಯಿ ಕೋಟುಗಳನ್ನು ಬಿಟ್ಟು ಕೆಲಸಕ್ಕೆ ಬರಬೇಕೆಂದು ಜನರನ್ನು ಕೇಳಿಕೊಂಡಿತು. ಅಲ್ಲಿ ಮಂತ್ರಿಗಳೇ ಮೊದಲು ಕೊರಳು ತೆರೆದು ನಿಂತರು. ಮೇಲಿನವನು ಬಿಚ್ಚದ ಹೊರತು ಕೆಳಗಿನವನು ಬಿಚ್ಚಲಾರನೆಂಬ ಗುಟ್ಟನ್ನು ಅವರು ಬಲ್ಲರು. ಶುಚಿತ್ವ, ಒಗೆದು ಇಸ್ತ್ರಿಮಾಡಿದ ಬಟ್ಟೆ, ಹೇಳಿದ ವೇಳೆಗೆ ಬರುವುದು, ಆಡಿದ ಮಾತಿಗೆ ನಿಲ್ಲುವುದು: ವೃತ್ತಿಗೆ ಶೋಭೆ ತರುವ ಭೂಷಣಗಳು ಇವೇ. ಇವುಗಳಿಗೆ ಸೆಕೆಯ ಭಯವಿಲ್ಲ.

ನೌಕರರಿಗೆ ಹೇಳುವುದರಿಂದ ಪ್ರಯೋಜನವಿಲ್ಲ. ಅವರ ಹಾಜರಿಯು ಬೇರೆಯವರ ಕೈಯಲ್ಲಿದೆ. ನಮ್ಮ ಜಿಲ್ಲೆಯ ವರ್ತಕರೂ ವೈದ್ಯರೂ ಬ್ಯಾಂಕುಗಳ ಅಧಿಕಾರಿಗಳೂ ಈ ಪತ್ರಿಕೆಯನ್ನು ಓದುವವರಿದ್ದಾರೆ. ತಮ್ಮ ಬಾಗಿಲಿಗೆ ಬರುವ ಪ್ರತಿನಿಧಿಯ ಕೊರಳು ತೆರೆದಿದ್ದರೂ ನಮಗೆ ಅಗೌರವವಾಗದೆಂದು ಅವರು ಆಯಾ ಕಂಪನಿಗಳಿಗೆ ಒಂದೊಂದು ಕಾಗದ ಬರೆದರೆ ಸಾಕು. ಆ ಕಾಗದವು ಬರುವ ಚೈತ್ರಕ್ಕೆ ಮೊದಲೇ ಹೊರಡಲೆಂದು ನನ್ನ ವಿಜ್ಞಾಪನೆ.