ಎರಡನೆಯ ಡಿಕಾಕ್ಷನ್

ಕಾಫಿ ಕುಡಿಯುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫಿಲ್ಟರಿನಲ್ಲಿ ಮೊದಲು ಇಳಿದ ಡಿಕಾಕ್ಷನ್ನಿನ ರುಚಿಯೇ ಬೇರೆ, ಅದೇ ಪುಡಿಯ ಮೇಲೆ ಇನ್ನೊಮ್ಮೆ ಬಿಸಿನೀರು ಹೊಯ್ದು ಇಳಿಸಿದ್ದರ ರುಚಿಯೇ ಬೇರೆ. ಬಣ್ಣವೂ ಒಂದಿಷ್ಟು ಇರುತ್ತದೆ, ಬಿಸಿಯೂ ಇರುತ್ತದೆ. ಕುಡಿದ ಮೇಲೆ ಮಾತ್ರ ಕಾಫಿ ಕುಡಿದ ಹಾಗೇ ಆಗುವುದಿಲ್ಲ. ಜನ ಮೆಚ್ಚಿದ ಟಿ.ವಿ. ಧಾರಾವಾಹಿಗಳು ಎರಡನೆಯ ಸರಣಿಯೊಂದಿಗೆ ಮತ್ತೆ ಬಂದಾಗ ಎಷ್ಟೋ ವೀಕ್ಷಕರಿಗೆ ಆಗುವ ಅನುಭವ ಇದೇ.

ಕೆಲವು ಸಲ ಅದಕ್ಕೆ ಕಾರಣ ಕಣ್ಣಿಗೇ ಕಾಣುತ್ತದೆ. ಇಂಗ್ಲೆಂಡಿನ ಬಿ.ಬಿ.ಸಿ.ಯವರು 2010ರ ಡಿಸೆಂಬರಿನಲ್ಲಿ ‘ಅಪ್‌ಸ್ಟೇರ್ಸ್ ಡೌನ್‌ಸ್ಟೇರ್ಸ್’ ಎಂಬ ಹಳೆಯ, ಹೆಸರುವಾಸಿ ಧಾರಾವಾಹಿಗೆ ಮರುಹುಟ್ಟು ಕೊಟ್ಟರು. ಮಹಡಿಯ ಮೇಲೆ ಯಜಮಾನರು, ಕೆಳಗೆ ಆಳುಕಾಳುಗಳು, ಒಂದೇ ಸೂರಿನಡಿ ಎರಡು ಲೋಕ. ಮೂರು ಕಂತುಗಳ ಆ ಮೊದಲ ಸರಣಿಯನ್ನು ಜನ ಮೆಚ್ಚಿ ನೋಡಿದರು. 2012ರಲ್ಲಿ ಎರಡನೆಯ ಸರಣಿ ಬರುವ ಹೊತ್ತಿಗೆ ಹಿರಿಯ ನಟಿ ಐಲೀನ್ ಆಟ್‌ಕಿನ್ಸ್ ಬಿಟ್ಟು ಹೋಗಿದ್ದರು. ಇನ್ನೊಬ್ಬ ಹಿರಿಯ ನಟಿ ಜೀನ್ ಮಾರ್ಷ್ ಅನಾರೋಗ್ಯದಿಂದಾಗಿ ಅಲ್ಲೊಮ್ಮೆ ಇಲ್ಲೊಮ್ಮೆ ಮಾತ್ರ ಕಾಣಿಸಿಕೊಂಡರು. ಮೂಲ ಧಾರಾವಾಹಿಯ ಕಲ್ಪನೆಯೇ ಈ ಇಬ್ಬರದು! ಮನೆಯ ಹಿರಿಯರಿಲ್ಲದ ಹಬ್ಬದಂತಾಯಿತು. ನೋಡುವವರು ಕಡಿಮೆಯಾದರು. ಆರು ಕಂತು ಮುಗಿದ ಮೇಲೆ ಬಾಗಿಲು ಹಾಕಿದರು. ಪುಡಿ ಹಳತಾಗಿತ್ತು, ಡಿಕಾಕ್ಷನ್ ತೆಳ್ಳಗಾಯಿತು ಎಂದು ಸಮಾಧಾನ ಮಾಡಿಕೊಳ್ಳಬಹುದು.

ಆದರೆ ‘ಡೌನ್‌ಟನ್ ಆ್ಯಬಿ’ಯ ವಿಷಯದಲ್ಲಿ ಈ ಸಮಾಧಾನಕ್ಕೂ ಎಡೆಯಿಲ್ಲ. ನಿಮ್ಮಲ್ಲಿ ಹಲವರು ಇದನ್ನು ನೋಡಿರಬಹುದು. ನೋಡದವರ ಮನೆಯಲ್ಲಿ ಮಗಳೋ ಸೊಸೆಯೋ ನೋಡಿರುತ್ತಾರೆ. ಮೊದಲ ಸರಣಿ 2010ರ ಸೆಪ್ಟೆಂಬರಿನಲ್ಲಿ, ಎರಡನೆಯದು 2011ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಐ.ಟಿ.ವಿ.ಯಲ್ಲಿ ಆರಂಭವಾದವು. ಬರೆದವರು ಅದೇ ಜೂಲಿಯನ್ ಫೆಲೋಸ್. ಮನೆ ಅದೇ ಹೈಕ್ಲೇರ್ ಕ್ಯಾಸಲ್. ಮುಖ್ಯ ಪಾತ್ರಧಾರಿಗಳೆಲ್ಲ ಅವರೇ. ಮೊದಲ ಸರಣಿಗೆ ಅಮೆರಿಕದ ಎಮ್ಮಿ ಪ್ರಶಸ್ತಿಯೂ ಬಂದಿತ್ತು. ಇನ್ನು ಪುಡಿಯೋ, ಹೊಚ್ಚ ಹೊಸದು! ಎರಡನೆಯ ಸರಣಿ ಶುರುವಾಗುವುದೇ 1916ರಲ್ಲಿ, ಸೋಮ್ ಕದನದ ಕಂದಕಗಳಲ್ಲಿ. ಮೊದಲನೆಯ ಮಹಾಯುದ್ಧಕ್ಕಿಂತ ದೊಡ್ಡ ವಸ್ತು ಯಾವ ಕಥೆಗಾರನಿಗೆ ಸಿಕ್ಕೀತು? ಹೀಗಿದ್ದೂ ನೋಡಿದ ಎಷ್ಟೋ ಜನ ‘ಯಾಕೋ ಮೊದಲಿನ ಹಾಗಿಲ್ಲ’ ಎಂದರು. ಯಾಕೆ ಎಂಬುದೇ ನಾನು ನಿಮ್ಮ ಮುಂದಿಡುತ್ತಿರುವ ಪ್ರಶ್ನೆ.

ಮೊದಲ ಸರಣಿಯನ್ನು ಒಮ್ಮೆ ನೆನಪು ಮಾಡಿಕೊಳ್ಳಿ. 1912ರ ಏಪ್ರಿಲ್ ತಿಂಗಳ ಒಂದು ಬೆಳಗ್ಗೆ ತಂತಿ ಬರುತ್ತದೆ. ಟೈಟಾನಿಕ್ ಹಡಗು ಮುಳುಗಿದೆ. ಮನೆತನದ ವಾರಸುದಾರರಿಬ್ಬರು ಅದರಲ್ಲಿದ್ದರು. ಲಾರ್ಡ್ ಗ್ರಾಂಥಮ್‌ಗೆ ಮೂವರು ಹೆಣ್ಣುಮಕ್ಕಳು. ಆಸ್ತಿ, ಬಿರುದು ಎಲ್ಲವೂ ಗಂಡು ವಾರಸುದಾರನಿಗೇ ಹೋಗಬೇಕೆಂಬ ಕಟ್ಟುಪಾಡು. ಅಮೆರಿಕದಿಂದ ಬಂದ ಹೆಂಡತಿ ತಂದ ಹಣವೂ ಆ ಆಸ್ತಿಯೊಳಗೇ ಸೇರಿಹೋಗಿದೆ. ಹಾಗಾಗಿ ಮ್ಯಾಂಚೆಸ್ಟರಿನ ವಕೀಲ ಮ್ಯಾಥ್ಯೂ ಎಂಬ ದೂರದ ಸಂಬಂಧಿ ದಿಢೀರನೆ ಮನೆಯ ಒಡೆಯನಾಗುವವನಾಗುತ್ತಾನೆ. ಹಿರಿಯ ಮಗಳು ಮೇರಿ ತಾನು ಹುಟ್ಟಿದ ಮನೆಯಲ್ಲೇ ಅತಿಥಿಯಾಗುತ್ತಾಳೆ. ಜೇನ್ ಆಸ್ಟೆನ್‌ಳ ‘ಪ್ರೈಡ್ ಅಂಡ್ ಪ್ರಿಜುಡಿಸ್’ ಓದಿದವರಿಗೆ ಬೆನೆಟ್ ದಂಪತಿಗಳ ಐವರು ಹೆಣ್ಣುಮಕ್ಕಳ ಗೋಳು ನೆನಪಾದೀತು. ಇದನ್ನು ಅರ್ಥ ಮಾಡಿಕೊಳ್ಳಲು ನಾವೇನೂ ಇಂಗ್ಲೆಂಡಿನಲ್ಲಿ ಹುಟ್ಟಬೇಕಾಗಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಜನ್ಮತಃ ಪಾಲುಂಟೆಂಬ ಮಾತು ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಕಾನೂನಿನೊಳಗೆ ಬರತೊಡಗಿದ್ದು 1994ರಲ್ಲಿ. ದೇಶಕ್ಕೆಲ್ಲ ಅನ್ವಯವಾದದ್ದು 2005ರಲ್ಲಿ. ಮೇರಿಯ ಕೋಪ ನಮಗೆ ಅಪರಿಚಿತವಲ್ಲ.

ಈ ಒಂದು ಗಂಟಿನಿಂದಲೇ ಮೊದಲ ಸರಣಿಯ ಎಲ್ಲ ದಾರಗಳೂ ಹೊರಟವು. ಅಲ್ಲಿಯೂ ನಂಬಲಾಗದ ಘಟನೆಗಳು ಇರಲಿಲ್ಲವೆಂದಲ್ಲ. ತುರ್ಕಿಯಿಂದ ಬಂದ ಪಾಮುಕ್ ಎಂಬ ಅತಿಥಿ ರಾತ್ರಿ ಮೇರಿಯ ಕೋಣೆಯಲ್ಲೇ ಪ್ರಾಣ ಬಿಡುತ್ತಾನೆ. ತಾಯಿ, ಮಗಳು, ಮನೆಗೆಲಸದ ಆನಾ ಮೂವರೂ ಸೇರಿ ಹೆಣವನ್ನು ಕತ್ತಲಲ್ಲಿ ಅವನ ಕೋಣೆಗೆ ಹೊತ್ತು ಸಾಗಿಸುತ್ತಾರೆ. ಕೇಳಿದರೆ ನಗು ಬರುವ ಸಂಗತಿ. ಆದರೆ ಅದು ಅಲ್ಲಿಗೇ ಮುಗಿಯುವುದಿಲ್ಲ. ಅಡಿಗೆಮನೆಯ ಹುಡುಗಿ ಡೇಸಿ ಅದನ್ನು ಕಂಡಿದ್ದಾಳೆ; ಅವಳ ಬಾಯಿಂದ ತಂಗಿ ಈಡಿತ್‌ಗೆ ತಿಳಿಯುತ್ತದೆ; ಈಡಿತ್ ಹೊಟ್ಟೆಕಿಚ್ಚಿನಿಂದ ತುರ್ಕಿಯ ರಾಯಭಾರಿಗೆ ಪತ್ರ ಬರೆಯುತ್ತಾಳೆ. ಮೇರಿಯ ಮದುವೆಯ ಮಾತುಗಳ ಮೇಲೆ ಅದರ ನೆರಳು ಬೀಳುತ್ತಲೇ ಹೋಗುತ್ತದೆ. ಒಂದು ರಾತ್ರಿಯ ಘಟನೆ ಮಹಡಿಯಿಂದ ಅಡಿಗೆಮನೆಗೆ ಇಳಿದು ಮತ್ತೆ ಮಹಡಿಗೆ ಹತ್ತುತ್ತದೆ. ಮಾತು ಮನೆಯೊಳಗೆ ಸಂಚರಿಸುವುದು ಹೀಗೇ ಎಂದು ತುಂಬಿದ ಮನೆಯಲ್ಲಿ ಬಾಳಿದವರಿಗೆಲ್ಲ ಗೊತ್ತು.

ಎರಡನೆಯ ಸರಣಿಗೆ ಬನ್ನಿ. ಮ್ಯಾಥ್ಯೂ ಯುದ್ಧದಲ್ಲಿ ಗಾಯಗೊಂಡು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಳ್ಳುತ್ತಾನೆ. ಇನ್ನು ನಡೆಯಲಾರ, ಮಕ್ಕಳಾಗಲಾರವು ಎಂದಾಗುತ್ತದೆ. ಕೆಲವೇ ಕಂತುಗಳಲ್ಲಿ ಅವನ ಭಾವೀಪತ್ನಿ ಲವೀನಿಯಾ ತಟ್ಟೆ ಹಿಡಿದು ಹೋಗುತ್ತಾ ಎಡವಿದಳು ನೋಡಿ, ಅವಳನ್ನು ಹಿಡಿಯಲು ಈತ ಗಾಲಿಕುರ್ಚಿಯಿಂದ ಎದ್ದು ನಿಂತೇಬಿಟ್ಟ! ಬೆನ್ನುಹುರಿ ತುಂಡಾಗಿರಲಿಲ್ಲ, ಬರೀ ಪೆಟ್ಟಾಗಿತ್ತಂತೆ. ಇನ್ನೊಂದು ಕಂತಿನಲ್ಲಿ ಮುಖವೆಲ್ಲ ಸುಟ್ಟ ಸೈನಿಕನೊಬ್ಬ ಬಂದು ‘ಟೈಟಾನಿಕ್‌ನಲ್ಲಿ ಮುಳುಗಿದನೆಂದು ತಿಳಿದಿದ್ದ ಪ್ಯಾಟ್ರಿಕ್ ನಾನೇ, ನೆನಪು ಹೋಗಿತ್ತು, ಈಗ ಮರಳಿತು’ ಎನ್ನುತ್ತಾನೆ. ಆ ಕಂತು ಮುಗಿಯುವುದರೊಳಗೆ ಒಂದು ಚೀಟಿ ಬರೆದಿಟ್ಟು ಹೊರಟೂ ಹೋಗುತ್ತಾನೆ. ಅವನು ನಿಜವೋ ಸುಳ್ಳೋ ಎಂಬುದು ಯಾರಿಗೂ ಬೇಡವಾಗುತ್ತದೆ. ಬೇಟ್ಸ್ ಮನೆ ಬಿಟ್ಟು ಹೋಗುತ್ತಾನೆ, ಬರುತ್ತಾನೆ. ಅವನ ಹೆಂಡತಿ ಬೆದರಿಸುತ್ತಾಳೆ, ಒಪ್ಪುತ್ತಾಳೆ, ಮತ್ತೆ ಬೆದರಿಸುತ್ತಾಳೆ.

ನೆನಪು ಹೋದವರು, ಸತ್ತು ಮರಳಿ ಬಂದವರು ನಮಗೆ ಹೊಸಬರಲ್ಲ. 2000ದಿಂದ 2008ರವರೆಗೆ ನಡೆದ ‘ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ’ಯಲ್ಲಿ ಮಿಹಿರ್ ಸತ್ತು ಬದುಕಿ ಬಂದದ್ದನ್ನು ದೇಶವೇ ನೋಡಿದೆ. ಇಂಗ್ಲಿಷ್ ಧಾರಾವಾಹಿಗಳನ್ನು ಹೊಗಳುವಾಗ ನಮ್ಮ ಧಾರಾವಾಹಿಗಳನ್ನು ಹಳಿಯುವುದು ನಮ್ಮ ರೂಢಿ. ಆ ಸುಟ್ಟ ಮುಖದ ಪ್ಯಾಟ್ರಿಕ್‌ನನ್ನು ಕಂಡ ಮೇಲೆ ಅಷ್ಟು ಜೋರಾಗಿ ಹಳಿಯಲು ಬಾಯಿ ಬರಬಾರದು.

‘ಕಥೆ ಓಡಿತು, ಅದಕ್ಕೇ ಕೆಟ್ಟಿತು’ ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಹಾಗಲ್ಲ. ಮೊದಲ ಸರಣಿಯ ಏಳು ಕಂತುಗಳು 1912ರ ಏಪ್ರಿಲಿನಿಂದ 1914ರ ಆಗಸ್ಟಿನವರೆಗಿನ ಕಾಲವನ್ನು ದಾಟುತ್ತವೆ. ಎರಡನೆಯದರ ಎಂಟು ಕಂತುಗಳು 1916ರ ಕೊನೆಯಿಂದ 1919ರವರೆಗೆ ಬರುತ್ತವೆ. ಎರಡೂ ಹೆಚ್ಚುಕಡಿಮೆ ಒಂದೇ ವೇಗ. ವ್ಯತ್ಯಾಸ ಬೇರೆ ಕಡೆ ಇದೆ. ಮೊದಲನೆಯದರಲ್ಲಿ ಒಂದು ಘಟನೆ ಇನ್ನೊಂದನ್ನು ಹೆರುತ್ತದೆ. ಎರಡನೆಯದರಲ್ಲಿ ಒಂದು ಘಟನೆ ಹಿಂದಿನದನ್ನು ಅಳಿಸುತ್ತದೆ. ಕಾಲು ಹೋಯಿತು, ಬಂತು. ವಾರಸುದಾರ ಬಂದ, ಹೋದ. ಬರೆದು ಅಳಿಸಿದ ಸ್ಲೇಟಿನಂತೆ, ಕೊನೆಗೆ ಕೈಗೆ ಬಳಪದ ಪುಡಿ ಮಾತ್ರ ಹತ್ತುತ್ತದೆ.

ನನ್ನ ಆಕ್ಷೇಪಣೆ ಇರುವುದು ಇಲ್ಲಿಯೇ. ಯುದ್ಧವೆಂದರೆ ಅಳಿಸಲಾಗದ್ದು. ಮುಖ ಕಳೆದುಕೊಂಡ ಸೈನಿಕರು ಆ ಕಾಲದಲ್ಲಿ ನಿಜವಾಗಿ ಇದ್ದರು. ಇಂಗ್ಲೆಂಡಿನ ಸಿಡ್‌ಕಪ್ ಎಂಬಲ್ಲಿ 1917ರಲ್ಲಿ ಅಂಥವರಿಗೆಂದೇ ಆಸ್ಪತ್ರೆ ತೆರೆದರು. ಹೆರಾಲ್ಡ್ ಗಿಲ್ಲೀಸ್ ಎಂಬ ವೈದ್ಯರು ಮತ್ತವರ ಜೊತೆಗಾರರು 5,000ಕ್ಕೂ ಹೆಚ್ಚು ಜನರಿಗೆ ಅಲ್ಲಿ ಚಿಕಿತ್ಸೆ ಮಾಡಿದರು. ಆ ಮುಖಗಳೊಂದಿಗೆ ಅವರು ಬಾಳಿಡೀ ಬದುಕಬೇಕಾಯಿತು. ಧಾರಾವಾಹಿಯಲ್ಲಿ ಆ ಮುಖ ಒಂದು ವಾರದ ಕುತೂಹಲಕ್ಕೆ ಬಳಕೆಯಾಯಿತು, ಅಷ್ಟೆ. ಗಾಲಿಕುರ್ಚಿಯಿಂದ ಏಳಲಾಗದವರು ಆ ದೃಶ್ಯ ನೋಡಿದರೆ ಏನೆಂದುಕೊಂಡಾರು?

ಲವೀನಿಯಾಳ ಕಥೆ ಇನ್ನೂ ನೋವಿನದು. ಆ ಹುಡುಗಿಯಲ್ಲಿ ಯಾವ ದೋಷವೂ ಇಲ್ಲ. ನಡೆಯಲಾರದ ಮ್ಯಾಥ್ಯೂನನ್ನೇ ಮದುವೆಯಾಗಲು ಸಿದ್ಧಳಿದ್ದವಳು. ಆದರೆ ಪ್ರೇಕ್ಷಕರಿಗೆ ಬೇಕಾದದ್ದು ಮೇರಿ–ಮ್ಯಾಥ್ಯೂ ಮದುವೆ. ನಾಯಕ ಮಾತಿಗೆ ತಪ್ಪಿದನೆನ್ನಿಸಿಕೊಳ್ಳಬಾರದು, ಮದುವೆಯೂ ತಪ್ಪಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅದಕ್ಕೆ ಸ್ಪ್ಯಾನಿಷ್ ಫ್ಲೂ ಹೇಳಿಕಳುಹಿಸಿದಂತೆ ಬಂತು. ಮನೆಯಲ್ಲಿ ಮೂವರು ಮಲಗಿದರು, ಅವಳೊಬ್ಬಳು ಸತ್ತಳು. ಸಾಯುವಾಗ, ಹೀಗಾದದ್ದೇ ಒಳ್ಳೆಯದೆಂಬ ಅರ್ಥದ ಮಾತನ್ನೂ ಅವಳ ಬಾಯಿಂದಲೇ ಆಡಿಸಿದರು! ಕ್ರಿಸ್ಮಸ್ ದಿನದ ವಿಶೇಷ ಕಂತಿನಲ್ಲಿ ಮ್ಯಾಥ್ಯೂ ಹಿಮದಲ್ಲಿ ಮೊಣಕಾಲೂರಿ ಮೇರಿಯ ಕೈ ಕೇಳಿದ. ಮೂರನೆಯ ಸರಣಿಯಲ್ಲಿ ದಿವಾಳಿಯಾಗಲಿದ್ದ ಆ ಮನೆಯನ್ನು ಉಳಿಸಿದ್ದು ಯಾರ ಹಣ ಗೊತ್ತೇ? ಲವೀನಿಯಾಳ ತಂದೆ ಬಿಟ್ಟುಹೋದದ್ದು. ಮಗಳು ದಾರಿ ಬಿಟ್ಟಳು, ತಂದೆ ದುಡ್ಡು ಬಿಟ್ಟ. ಹೆಣ್ಣಿನ ಒಳ್ಳೆಯತನವನ್ನು ಹೀಗೆ ಮೆಟ್ಟಿಲು ಮಾಡಿಕೊಳ್ಳುವುದನ್ನು ನಾವು ನಮ್ಮ ಧಾರಾವಾಹಿಗಳಲ್ಲಿ ಕಂಡರೆ ಟೀಕಿಸುತ್ತೇವೆ. ಇಂಗ್ಲಿಷ್ ಉಡುಪು ತೊಟ್ಟ ಮಾತ್ರಕ್ಕೆ ಬಿಡಬೇಕೇ?

ನ್ಯಾಯವಾಗಿ ಹೇಳಬೇಕೆಂದರೆ ಎರಡನೆಯ ಸರಣಿಯಲ್ಲೂ ಗಟ್ಟಿ ಕಾಳುಗಳಿವೆ. ಅವೆಲ್ಲ ಕೆಳಮನೆಯಲ್ಲಿವೆ. ಸಾಯಲಿರುವ ವಿಲಿಯಂನನ್ನು ಡೇಸಿ ಮದುವೆಯಾಗುತ್ತಾಳೆ. ಅವಳಿಗೆ ಅವನ ಮೇಲೆ ಪ್ರೀತಿಯಿಲ್ಲ, ಕನಿಕರವಿದೆ. ಸುಳ್ಳು ಹೇಳಿದೆನಲ್ಲಾ ಎಂಬ ಸಂಕಟ ಅವನು ಸತ್ತ ಮೇಲೂ ಅವಳನ್ನು ಬಿಡುವುದಿಲ್ಲ. ಆ ಸಂಕಟದ ಮೂಲಕವೇ ಅವಳಿಗೆ ಮಾವನಲ್ಲಿ ಒಬ್ಬ ತಂದೆ ಸಿಗುತ್ತಾನೆ. ಅಡಿಗೆಯ ಮಿಸೆಸ್ ಪ್ಯಾಟ್ಮೋರಳ ಅಕ್ಕ-ತಂಗಿಯರ ಮಗನೊಬ್ಬ ಯುದ್ಧದಲ್ಲಿ ಸತ್ತದ್ದು ಶತ್ರುವಿನ ಗುಂಡಿಗಲ್ಲ. ಹೇಡಿತನದ ಆರೋಪದ ಮೇಲೆ ಅವನದೇ ಸೈನ್ಯದವರ ಗುಂಡಿಗೆ. ಇದು ಬರೀ ಕಲ್ಪನೆಯಲ್ಲ. ಹೀಗೆ ಗುಂಡಿಕ್ಕಿಸಿಕೊಂಡ 306 ಸೈನಿಕರಿಗೆ ಬ್ರಿಟನ್ ಸರ್ಕಾರ ಕ್ಷಮಾದಾನ ನೀಡಿದ್ದು 2006ರಲ್ಲಿ, ತೊಂಬತ್ತು ವರ್ಷಗಳ ಬಳಿಕ. ಈ ಎರಡು ಎಳೆಗಳು ಮನಸ್ಸಿಗೆ ತಟ್ಟುವುದೇಕೆಂದರೆ ಇವನ್ನು ಯಾರೂ ಅಳಿಸಲಿಲ್ಲ.

ಅದೇ ಯುದ್ಧವನ್ನು ಹಳೆಯ ‘ಅಪ್‌ಸ್ಟೇರ್ಸ್ ಡೌನ್‌ಸ್ಟೇರ್ಸ್’ ಹೇಗೆ ತೋರಿಸಿತ್ತೆಂದು ನೋಡಿ. 1974ರ ಅದರ ನಾಲ್ಕನೆಯ ಸರಣಿಯ ಹದಿಮೂರು ಕಂತುಗಳೂ ಯುದ್ಧಕಾಲದವೇ. ಅಲ್ಲಿಯೂ ಮನೆಯ ಸೊಸೆ ಹೇಝಲ್ ಯುದ್ಧ ಮುಗಿಯುವ ಹೊತ್ತಿಗೆ ಅದೇ ಫ್ಲೂ ಜ್ವರದಿಂದ ತೀರಿಕೊಳ್ಳುತ್ತಾಳೆ. ಆದರೆ ಅವಳ ಸಾವು ಯಾರಿಗೂ ದಾರಿ ಮಾಡಿಕೊಡುವುದಿಲ್ಲ. ಒಂದು ಖಾಲಿ ಜಾಗ ಬಿಟ್ಟುಹೋಗುತ್ತದೆ. ಯುದ್ಧದಲ್ಲಿ ಗಾಯಗೊಂಡು ಬಂದ ಅವಳ ಗಂಡ ಜೇಮ್ಸ್ ಮತ್ತೆ ಮೊದಲಿನಂತಾಗುವುದೇ ಇಲ್ಲ. 1929ರ ಷೇರುಪೇಟೆಯ ಕುಸಿತದಲ್ಲಿ ತನ್ನದನ್ನೂ, ಮನೆಗೆಲಸದ ರೋಸ್‌ಳ ಉಳಿತಾಯವನ್ನೂ ಕಳೆದು ಪ್ರಾಣ ತೆಗೆದುಕೊಳ್ಳುತ್ತಾನೆ. ಆಗಿನ ಸೆಟ್ಟುಗಳು ಅಗ್ಗದವು. ಹೆಚ್ಚು ಕಥೆ ನಾಲ್ಕು ಗೋಡೆಗಳೊಳಗೇ ನಡೆಯುತ್ತದೆ. ಆದರೂ ಯುದ್ಧ ಮುಗಿಯಿತೆಂದು ಯಾರಿಗೂ ಅನ್ನಿಸುವುದಿಲ್ಲ.

ಯಾವುದೋ ದೇಶದ ಲಾರ್ಡುಗಳ ಕಥೆ ಕಟ್ಟಿಕೊಂಡು ನಮಗೇನು ಎನ್ನುತ್ತೀರಾ? ಆ ಯುದ್ಧ ಅವರೊಬ್ಬರದೇ ಆಗಿರಲಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ನಡೆದ ಕುದುರೆ ದಾಳಿಯಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಪಡೆಯೂ ಇತ್ತು. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳು ಜೋಧಪುರ, ಮೈಸೂರು, ಹೈದರಾಬಾದ್ ಸಂಸ್ಥಾನಗಳ ಆ ಸವಾರರ ನೆನಪಿನವು. ದೆಹಲಿಯಲ್ಲಿರುವ ನಮ್ಮ ಬಂಧುಗಳು ದಿನವೂ ಅದರ ಪಕ್ಕದಲ್ಲೇ ಓಡಾಡುತ್ತಿರಬಹುದು. ಇನ್ನು ಲವೀನಿಯಾಳನ್ನು ಒಂದೇ ಕಂತಿನಲ್ಲಿ ಕೊಂಡೊಯ್ದ ಜ್ವರ 1918ರ ಜೂನ್ ತಿಂಗಳಲ್ಲಿ ಮುಂಬಯಿ ಬಂದರಿಗೂ ಬಂದಿತ್ತು. ಅದು ಭಾರತದಲ್ಲಿ ಬಲಿ ತೆಗೆದುಕೊಂಡವರ ಸಂಖ್ಯೆ ಒಂದು ಕೋಟಿಗೂ ಹೆಚ್ಚೆಂದು ಅಂದಾಜಿದೆ. 2020–21ರ ದಿನಗಳನ್ನು ಕಂಡ ನಮಗೆ ಅದರ ಅರ್ಥ ಯಾರೂ ವಿವರಿಸಬೇಕಾಗಿಲ್ಲ. ಅಂಥ ಜ್ವರವನ್ನು ಕಥೆಯ ದಾರಿ ಗುಡಿಸುವ ಪೊರಕೆಯಾಗಿ ಬಳಸಿದರೆ ಬೇಸರವಾಗುವುದು ಸಹಜವಲ್ಲವೇ?

ವಿಚಿತ್ರವೆಂದರೆ, ಇಷ್ಟೆಲ್ಲ ಗೊಣಗಿದರೂ ಎರಡನೆಯ ಸರಣಿಯನ್ನು ಜನ ಕೈಬಿಡಲಿಲ್ಲ. ಆ ಧಾರಾವಾಹಿ ಆರು ಸರಣಿ ನಡೆದು 2015ರಲ್ಲಿ ಮುಗಿಯಿತು, ಮೂರು ಚಲನಚಿತ್ರಗಳೂ ಬಂದವು. ಒಮ್ಮೆ ಮನೆಯವರಂತಾದ ಪಾತ್ರಗಳನ್ನು ಬಿಡುವುದು ಸುಲಭವಲ್ಲ. ಬರೆಯುವವರಿಗೂ ಅದು ಗೊತ್ತು. ನಾವು ಸಲುಗೆ ಕೊಟ್ಟಷ್ಟೂ ಅವರು ಅಳಿಸುವ ಬಟ್ಟೆ ಕೈಗೆತ್ತಿಕೊಳ್ಳುತ್ತಾರೆ. 2012ರ ಮೂರನೆಯ ಸರಣಿಯಲ್ಲಿ ಕಿರಿಯ ಮಗಳು ಸಿಬಿಲ್ ಹೆರಿಗೆಯಾದ ಕೂಡಲೇ ತೀರಿಕೊಂಡಾಗ ನೋಡುಗರು ಅತ್ತರು, ಬರೆದವರ ಮೇಲೆ ಸಿಟ್ಟಾದರು. ನನಗೆ ಮಾತ್ರ ಕಥೆಗೆ ಮತ್ತೆ ತೂಕ ಬಂತೆನ್ನಿಸಿತು. ಆ ಸಾವು ಸಾವಾಗಿಯೇ ಉಳಿಯಿತು. ತಾಯಿಯಿಲ್ಲದ ಆ ಕೂಸು ಕೊನೆಯ ಸರಣಿಯವರೆಗೂ ಆ ಮನೆಯಲ್ಲಿ ಓಡಾಡಿಕೊಂಡಿತ್ತು.

ಆದ್ದರಿಂದ ನನ್ನ ಸಲಹೆ ಇಷ್ಟೇ. ಎರಡನೆಯ ಸರಣಿ ನೋಡಬೇಡಿ ಎಂದು ನಾನು ಹೇಳುವುದಿಲ್ಲ. ನೋಡಿ, ಉಡುಪುಗಳನ್ನು, ಆ ಮನೆಯನ್ನು, ಮ್ಯಾಗಿ ಸ್ಮಿತ್ ಅವರ ಮೊನಚು ಮಾತನ್ನು ಮೆಚ್ಚಿಕೊಳ್ಳಿ. ಆದರೆ ಪ್ರತಿ ಕಂತು ಮುಗಿದಾಗ, ಇವತ್ತು ಆದದ್ದರಲ್ಲಿ ಮುಂದಿನ ವಾರಕ್ಕೆ ಏನು ಉಳಿಯುತ್ತದೆ ಎಂದು ಒಮ್ಮೆ ಕೇಳಿಕೊಳ್ಳಿ. ಕನ್ನಡದ್ದಾಗಲಿ, ಮರಾಠಿಯದಾಗಲಿ, ಹಿಂದಿಯದಾಗಲಿ, ದಿನವೂ ನಮ್ಮ ಮನೆಗೆ ಬರುವ ಧಾರಾವಾಹಿಗಳಿಗೂ ಈ ಪ್ರಶ್ನೆ ಹೊಂದುತ್ತದೆ. ನಿಮ್ಮ ಅಭಿಪ್ರಾಯ ಬೇರೆಯಿದ್ದರೆ ಮುಂದಿನ ಸಂಚಿಕೆಗೆ ಖಂಡಿತ ಬರೆಯಿರಿ. ಲವೀನಿಯಾಳ ಪರ ವಾದಿಸಲು ನಾನಂತೂ ಸಿದ್ಧಳಿದ್ದೇನೆ.